ವೈದ್ಯರ ಪರೀಕ್ಷೆಯಲ್ಲಿ ಸ್ಪಷ್ಟ ಉತ್ತರ ಸಿಗದ ಕುದುರೆಯನ್ನು ಕೊಳ್ಳಬಹುದೇ?

ಪ್ರಶ್ನೆ: ಹೊಸಜೀನು

ಎಲ್ಲರಿಗೂ ನಮಸ್ಕಾರ. ನನ್ನದೇ ಆದ ಮೊದಲ ಕುದುರೆಯನ್ನು ಕೊಳ್ಳುವ ಹಂತದಲ್ಲಿದ್ದೇನೆ. ಬೇರೆಯವರ ಕುದುರೆಗಳ ಮೇಲೆ ಹಲವು ವರ್ಷ ಸವಾರಿ ಮಾಡಿದ್ದೇನೆ, ಲಾಯದ ಕೆಲಸವೂ ಗೊತ್ತು. ಈಗ ಮನಸ್ಸಿಗೆ ಹಿಡಿಸಿರುವುದು 11 ವರ್ಷದ ಒಂದು ಹೆಣ್ಣು ಕುದುರೆ. ಅದರದು ಸೌಮ್ಯ ಸ್ವಭಾವ. ಲಗಾಮಿನ ಸಣ್ಣ ಸೂಚನೆಗೂ ಸ್ಪಂದಿಸುತ್ತದೆ, ವಾಹನಗಳ ಸದ್ದಿಗೆ ಬೆದರುವುದಿಲ್ಲ. ವಾರಕ್ಕೆ ನಾಲ್ಕೈದು ದಿನದ ಸವಾರಿ, ಆಗಾಗ ಗುಡ್ಡದ ದಾರಿಯಲ್ಲಿ ದೀರ್ಘ ಸುತ್ತಾಟ, ಕಡಿಮೆ ಎತ್ತರದ ಅಡ್ಡಗಂಬಗಳ ಮೇಲೆ ಜಿಗಿತ, ಇಷ್ಟನ್ನು ಮಾತ್ರ ನಾನು ಅದರಿಂದ ನಿರೀಕ್ಷಿಸುತ್ತೇನೆ.

ಮಾರುವವರಿಗೆ ಸಂಬಂಧಪಡದ ಪಶುವೈದ್ಯರೊಬ್ಬರಿಂದ ಖರೀದಿಪೂರ್ವ ಪರೀಕ್ಷೆ ಮಾಡಿಸಿದೆ. ಹೃದಯ, ಉಸಿರಾಟ, ಕಣ್ಣು, ಹಲ್ಲು, ಬೆನ್ನು ಎಲ್ಲವೂ ಸರಿಯಿವೆ ಎಂದರು. ನೇರ ಹಾದಿಯಲ್ಲಿ ನಡೆಸಿದಾಗಲೂ ಟ್ರಾಟ್ (ನಿಧಾನ ಓಟ) ಮಾಡಿಸಿದಾಗಲೂ ಕುಂಟು ಕಾಣಲಿಲ್ಲ. ಆದರೆ ಬಲ ಮುಂಗಾಲನ್ನು ಮಡಿಸಿ ಹಿಡಿದು ಬಿಟ್ಟ ಮೇಲೆ ಮೊದಲ ಕೆಲವು ಹೆಜ್ಜೆಗಳಲ್ಲಿ ತುಸು ವ್ಯತ್ಯಾಸ ಕಂಡಿತು. ಗಟ್ಟಿ ನೆಲದ ಮೇಲೆ ಬಲಕ್ಕೆ ಸುತ್ತು ಹಾಕಿಸಿದಾಗ ಒಮ್ಮೊಮ್ಮೆ ಅದೇ ಕಾಲಿನ ಹೆಜ್ಜೆ ಗಿಡ್ಡವಾಗುತ್ತಿತ್ತು, ಮತ್ತೆ ಸರಿಹೋಗುತ್ತಿತ್ತು. ಗೊರಸನ್ನು ಇಕ್ಕಳದಿಂದ ಒತ್ತಿದಾಗ ನೋವಿನ ಸೂಚನೆ ಇರಲಿಲ್ಲ. ಎಕ್ಸ್-ರೇಯಲ್ಲಿ ಅದೇ ಕಾಲಿನ ಗೊರಸಿನೊಳಗಿನ ನಾವಿಕ್ಯುಲರ್ ಮೂಳೆಯಲ್ಲಿ ಸಣ್ಣ ಬದಲಾವಣೆ ಇದೆಯಂತೆ, ಆದರೆ ಅದಕ್ಕೆ ಮಹತ್ವ ಇದೆಯೋ ಇಲ್ಲವೋ ಹೇಳಲಾಗದಂತೆ. ವೈದ್ಯರು ‘ಕೊಳ್ಳಿ’ ಎಂದೂ ಹೇಳಲಿಲ್ಲ, ‘ಬೇಡ’ ಎಂದೂ ಹೇಳಲಿಲ್ಲ.

ನಾಲ್ಕು ದಿನ ಮುಂಚೆ ಹೊಸ ಲಾಳ ಕಟ್ಟಿಸಿದ್ದರಿಂದ ಹೀಗಾಗಿದೆ ಎಂಬುದು ಮಾರುವವರ ವಿವರಣೆ. ಇನ್ನೊಬ್ಬರೂ ಕೇಳುತ್ತಿದ್ದಾರೆ, ಬೇಗ ತಿಳಿಸಿ ಎಂದೂ ಅವರು ಹೇಳಿದ್ದಾರೆ. ಇಂಥ ವರದಿಯನ್ನು ಹೇಗೆ ಓದಬೇಕು, ಮುಂದಿನ ಹೆಜ್ಜೆ ಏನಿರಬೇಕು ಎಂಬುದನ್ನು ಅನುಭವಿಗಳು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ: ಹಳೆಯ ಸವಾರ

ನಿಮ್ಮ ಪ್ರಶ್ನೆಯಲ್ಲಿ ನನಗೆ ಹಿಡಿಸಿದ ಸಂಗತಿಯೆಂದರೆ ಕುದುರೆಯಿಂದ ಏನನ್ನು ನಿರೀಕ್ಷಿಸುತ್ತೀರಿ ಎಂಬುದನ್ನು ಸ್ಪಷ್ಟವಾಗಿ ಬರೆದಿದ್ದೀರಿ. ಇದನ್ನೇ ವೈದ್ಯರ ಮುಂದೆಯೂ ಇಷ್ಟೇ ಸ್ಪಷ್ಟವಾಗಿ ಇಟ್ಟಿದ್ದೀರಾ? ‘ಕುದುರೆ ಆರೋಗ್ಯವಾಗಿದೆಯೇ’ ಎಂದು ಕೇಳಿದರೆ ಯಾವ ಪ್ರಾಮಾಣಿಕ ವೈದ್ಯರೂ ಹೌದು ಎನ್ನಲಾರರು, ಏಕೆಂದರೆ ಸವಾರಿಗೆ ದುಡಿದ 11 ವರ್ಷ ವಯಸ್ಸಿನ ಯಾವ ಪ್ರಾಣಿಯ ಮೈಯಲ್ಲೂ ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ‘ವಾರಕ್ಕೆ ನಾಲ್ಕೈದು ದಿನ ಇಂಥ ನೆಲದ ಮೇಲೆ ಇಷ್ಟು ಹೊತ್ತು ಸವಾರಿ ಮಾಡುತ್ತೇನೆ, ಇಷ್ಟು ಎತ್ತರ ಹಾರಿಸುತ್ತೇನೆ, ನೀವು ಕಂಡ ಈ ಅಂಶ ಆ ಕೆಲಸಕ್ಕೆ ಅಡ್ಡಿಯಾಗುವ ಸಾಧ್ಯತೆ ಎಷ್ಟು’ ಎಂದು ಕೇಳಿದರೆ ಅದೇ ವೈದ್ಯರು ಇನ್ನಷ್ಟು ಬಿಡಿಸಿ ಮಾತನಾಡುತ್ತಾರೆ. ವರದಿಯಲ್ಲಿ ಬರೆಯಲು ಹಿಂಜರಿದದ್ದನ್ನು ಫೋನಿನಲ್ಲಿ ಹೇಳುವುದೂ ಉಂಟು. ಒಮ್ಮೆ ಕರೆ ಮಾಡಿ ನಿಧಾನವಾಗಿ ಮಾತನಾಡಿ.

ಅಭಿಪ್ರಾಯ ಕೇಳಿದ್ದೀರಿ, ಹೇಳಿಬಿಡುತ್ತೇನೆ. ಇದು ನಿಮ್ಮ ಮೊದಲ ಕುದುರೆಯಾದ್ದರಿಂದ ನನ್ನ ಒಲವು ಬಿಟ್ಟುಬಿಡುವ ಕಡೆಗೆ ಇದೆ. ಬೇರೆ ಕುದುರೆಗಳನ್ನು ಸಾಕಿರುವವರಿಗೆ ಒಂದು ಕುಂಟಿದರೂ ಸವಾರಿಗೆ ಇನ್ನೊಂದಿರುತ್ತದೆ, ಕುಂಟುವುದಕ್ಕೆ ವಿಶ್ರಾಂತಿ ಕೊಡಬಹುದು. ಒಂದೇ ಕುದುರೆ ಇರುವವರ ಸ್ಥಿತಿ ಹಾಗಲ್ಲ. ಚೆನ್ನಾಗಿ ನೋಡಿಕೊಂಡರೆ ಕುದುರೆ 25ರಿಂದ 30 ವರ್ಷ ಬದುಕುತ್ತದೆ. 13ನೆಯ ವಯಸ್ಸಿಗೇ ಅದು ಸವಾರಿಗೆ ಒದಗದಂತಾದರೆ ಉಳಿದ ಹತ್ತು ಹದಿನೈದು ವರ್ಷ ಮೇವು, ಗೊರಸಿನ ಆರೈಕೆ, ಔಷಧಿ ಎಲ್ಲವನ್ನೂ ನೀವೇ ನೋಡಿಕೊಳ್ಳಬೇಕು. ಆ ಹೊಣೆಯನ್ನು ಸಂತೋಷದಿಂದ ಹೊರಬಲ್ಲೆ ಎಂದು ನಿಮ್ಮ ಮನಸ್ಸು ಹೇಳಿದರೆ ನನ್ನ ಮಾತನ್ನು ಪಕ್ಕಕ್ಕಿಡಿ. ಹೇಳದಿದ್ದರೆ ಕುದುರೆಯ ಸ್ವಭಾವ ಎಷ್ಟೇ ಚೆನ್ನಾಗಿರಲಿ, ಮುಂದುವರಿಯಬೇಡಿ.

‘ಇನ್ನೊಬ್ಬರು ಕೇಳುತ್ತಿದ್ದಾರೆ’ ಎಂಬ ಮಾತು ನಿಜವೇ ಇರಬಹುದು. ನಿಜವಾಗಿದ್ದರೂ ಅದು ನಿಮ್ಮ ತೀರ್ಮಾನದೊಳಗೆ ಬರಬಾರದು. ಅವರು ಕೊಂಡುಕೊಂಡರೆ ನಿಮಗೆ ತಪ್ಪುವುದು ಈ ಒಂದು ಕುದುರೆ ಮಾತ್ರ.

ಉತ್ತರ: ಗೊರಸಿನ ವೈದ್ಯೆ

ನಾನು ವೃತ್ತಿಯಿಂದ ಪಶುವೈದ್ಯೆ, ಹೆಚ್ಚಾಗಿ ಕುದುರೆಗಳನ್ನೇ ನೋಡುತ್ತೇನೆ. ಕಣ್ಣಾರೆ ಕಾಣದ ಕುದುರೆಯ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲವಾದ್ದರಿಂದ, ವರದಿಯನ್ನು ಓದುವ ಬಗೆಯನ್ನಷ್ಟೇ ವಿವರಿಸುತ್ತೇನೆ.

ಖರೀದಿಪೂರ್ವ ಪರೀಕ್ಷೆಯಲ್ಲಿ ಪಾಸು, ಫೇಲು ಎಂಬುದಿಲ್ಲ. ಆ ದಿನ, ಆ ನೆಲದ ಮೇಲೆ, ಆ ಸ್ಥಿತಿಯಲ್ಲಿ ಕಂಡದ್ದನ್ನು ಆಧರಿಸಿ, ನೀವು ಹೇಳಿದ ಕೆಲಸಕ್ಕೆ ಈ ಪ್ರಾಣಿ ಹೊಂದುತ್ತದೆಯೇ ಎಂಬ ಬಗ್ಗೆ ವೈದ್ಯರು ಕೊಡುವ ಅಭಿಪ್ರಾಯ ಅದು. ಅಂದಮೇಲೆ ‘ಹೇಳಲಾಗದು’ ಎಂಬುದನ್ನು ವೈದ್ಯರ ಹಿಂಜರಿಕೆ ಎಂದು ತಿಳಿಯಬೇಡಿ. ತೀರ ಸಣ್ಣ ಕುಂಟನ್ನು ಗುರುತಿಸುವುದು ಪಳಗಿದ ಕಣ್ಣಿಗೂ ಕಷ್ಟ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅನುಭವಿ ವೈದ್ಯರು ಒಂದೇ ಕುದುರೆಗಳನ್ನು ನೋಡಿ ಅಭಿಪ್ರಾಯ ಹೇಳಿದಾಗ, 0ಯಿಂದ 5ರವರೆಗಿನ ಅಳತೆಯಲ್ಲಿ ಕುಂಟು ಒಂದೂವರೆಗಿಂತ ಹೆಚ್ಚಿದ್ದಲ್ಲಿ ಸುಮಾರು ಶೇ. 93ರಷ್ಟು ಸಲ ಅವರಲ್ಲಿ ಒಮ್ಮತವಿತ್ತು. ಅದಕ್ಕಿಂತ ಕಡಿಮೆ ಇದ್ದಲ್ಲಿ ಒಮ್ಮತ ಸುಮಾರು ಶೇ. 62ಕ್ಕೆ ಇಳಿದಿತ್ತು. ನಿಮ್ಮ ಕುದುರೆ ಈ ಎರಡನೆಯ ಗುಂಪಿಗೆ ಸೇರುತ್ತದೆ.

ಈಗ ಒಂದೊಂದಾಗಿ ನೋಡೋಣ. ಕಾಲು ಮಡಿಸುವ ಪರೀಕ್ಷೆಯನ್ನು ಸಾಮಾನ್ಯವಾಗಿ ಸುಮಾರು ಒಂದು ನಿಮಿಷ ಮಾಡುತ್ತಾರೆ. ಹಿಡಿದವರ ಬಲ, ಹಿಡಿದ ಹೊತ್ತು, ಕುದುರೆಯ ವಯಸ್ಸು ಇವೆಲ್ಲ ಫಲಿತಾಂಶವನ್ನು ಬದಲಿಸುತ್ತವೆ, ಮತ್ತು ಸ್ವಲ್ಪವೂ ಕುಂಟದೆ ದುಡಿಯುತ್ತಿರುವ ಎಷ್ಟೋ ಕುದುರೆಗಳು ಈ ಪರೀಕ್ಷೆಯ ಬಳಿಕ ಕೆಲವು ಹೆಜ್ಜೆ ತೊಡರುತ್ತವೆ. ಇದೊಂದೇ ಕಂಡಿದ್ದರೆ ನಾನು ಹೆಚ್ಚು ಚಿಂತಿಸುತ್ತಿರಲಿಲ್ಲ. ನಾವಿಕ್ಯುಲರ್ ಮೂಳೆಯ ಸಣ್ಣ ಬದಲಾವಣೆಯ ಮಾತೂ ಹೀಗೆಯೇ: ಎಕ್ಸ್-ರೇಯಲ್ಲಿ ಬದಲಾವಣೆ ಇದ್ದೂ ವರ್ಷಾನುಗಟ್ಟಲೆ ಕುಂಟದವು ಇವೆ, ಎಕ್ಸ್-ರೇ ಶುಭ್ರವಾಗಿದ್ದೂ ಅದೇ ಜಾಗದ ನೋವಿನಿಂದ ಕುಂಟುವವೂ ಇವೆ. ಎಕ್ಸ್-ರೇಯಲ್ಲಿ ಮುಖ್ಯವಾಗಿ ಕಾಣುವುದು ಮೂಳೆ. ಅದರ ಹಿಂದೆ ಹಾದುಹೋಗುವ ಸ್ನಾಯುರಜ್ಜುವಿನ ಗಾಯ ಅದರಲ್ಲಿ ಕಾಣುವುದಿಲ್ಲ. ಗೊರಸಿನ ಒಳಗೆ ಅದನ್ನು ಸರಿಯಾಗಿ ನೋಡಲು ಎಂಆರ್‌ಐ ಬೇಕಾಗುತ್ತದೆ.

ನನ್ನ ಗಮನ ನಿಂತಿರುವುದು ಮೂರನೆಯ ಅಂಶದ ಮೇಲೆ. ಗಟ್ಟಿ ನೆಲದಲ್ಲಿ ಬಲಕ್ಕೆ ಸುತ್ತುವಾಗ ಬಲಗಾಲು ಒಳಬದಿಗೆ ಬರುತ್ತದೆ. ಗೊರಸಿನಲ್ಲಿ ನೋವಿರುವ ಕುದುರೆ ಸಾಮಾನ್ಯವಾಗಿ ಇಂಥಲ್ಲಿಯೇ, ಅಂದರೆ ನೊಂದ ಕಾಲು ಒಳಬದಿಯಲ್ಲಿದ್ದು ನೆಲ ಗಟ್ಟಿಯಿದ್ದಾಗಲೇ, ಹೆಚ್ಚು ತೋರಿಸಿಕೊಳ್ಳುತ್ತದೆ. ನಿಮ್ಮ ವರದಿಯಲ್ಲಿ ಮಡಿಸುವ ಪರೀಕ್ಷೆ, ಸುತ್ತು, ಎಕ್ಸ್-ರೇ ಮೂರೂ ಒಂದೇ ಕಾಲಿನ ಕೆಳಭಾಗದತ್ತ ಬೊಟ್ಟು ಮಾಡುತ್ತಿವೆ. ಬಿಡಿಬಿಡಿಯಾಗಿ ಹಗುರವಾದ ಅಂಶಗಳು ಒಂದೇ ಜಾಗದಲ್ಲಿ ಸೇರಿದಾಗ ಅವುಗಳ ತೂಕ ಹೆಚ್ಚುತ್ತದೆ. ಮಡಿಸಿದಾಗ ಎಡ ಹಿಂಗಾಲು, ಸುತ್ತಿನಲ್ಲಿ ಬಲ ಮುಂಗಾಲು ಎಂದು ಚದುರಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು.

ಹಾಗಾದರೆ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ನೋಡಬಹುದಲ್ಲ ಎಂದು ಯಾರಾದರೂ ಸಲಹೆ ಕೊಡುವ ಮುನ್ನವೇ ಒಂದು ಮಾತು. ಗೊರಸಿನ ಹಿಂಭಾಗದ ನರಗಳನ್ನು ಮರಗಟ್ಟಿಸಿದಾಗ ಕುಂಟು ಮಾಯವಾದರೆ ನೋವಿನ ನೆಲೆ ಗೊರಸಿನಲ್ಲಿದೆ ಎಂದು ತಿಳಿಯುತ್ತದೆ, ನಿಜ. ಆದರೆ ಅದಕ್ಕೆ ಕುಂಟು ಎಡೆಬಿಡದೆ ಕಾಣುತ್ತಿರಬೇಕು. ಬಂದು ಹೋಗುವ ಕುಂಟಿನಲ್ಲಿ ಚುಚ್ಚುಮದ್ದಿನಿಂದ ಹೋಯಿತೋ ತಾನಾಗಿ ಹೋಯಿತೋ ಎಂದು ಹೇಳುವುದು ಹೇಗೆ? ಮಾರುವವರ ಒಪ್ಪಿಗೆಯೂ ಬೇಕು, ಏಕೆಂದರೆ ಕುದುರೆ ಇನ್ನೂ ಅವರದು. ಈಗಿನ ಸ್ಥಿತಿಯಲ್ಲಿ ಇದರಿಂದ ನಿಮಗೆ ಸಿಗುವುದು ಇನ್ನೊಂದು ಅಸ್ಪಷ್ಟ ಉತ್ತರವಷ್ಟೇ.

ನನ್ನ ಸಲಹೆ ಮರುಪರೀಕ್ಷೆ. ಎರಡು ಮೂರು ವಾರ ಬಿಟ್ಟು, ಅದೇ ವೈದ್ಯರಿಂದ, ಅದೇ ಗಟ್ಟಿ ನೆಲದ ಮೇಲೆ, ಎರಡೂ ದಿಕ್ಕಿಗೆ ಸುತ್ತು ಹಾಕಿಸಿ ನೋಡಬೇಕು. ಮೆತ್ತನೆಯ ನೆಲದ ಮೇಲೂ ನೋಡಬೇಕು. ತಲೆ ಮತ್ತು ಸೊಂಟದ ಚಲನೆಯನ್ನು ಅಳೆಯುವ ಸಂವೇದಕಗಳು ನಿಮ್ಮ ವೈದ್ಯರಲ್ಲಿದ್ದರೆ ಬಳಸಲು ಕೇಳಿ. ಎರಡು ಪರೀಕ್ಷೆಗಳನ್ನು ಹೋಲಿಸಲು ಅವು ಅನುಕೂಲ. ಎಲ್ಲಕ್ಕಿಂತ ಮುಖ್ಯವಾದ ಷರತ್ತು ಒಂದಿದೆ. ನಡುವಿನ ದಿನಗಳಲ್ಲಿ ಕುದುರೆಗೆ ಎಂದಿನ ಸವಾರಿ ನಡೆದಿರಲೇಬೇಕು. ಮೂರು ವಾರ ಲಾಯದಲ್ಲಿ ಸುಮ್ಮನೆ ನಿಂತ ಕುದುರೆ ಪರೀಕ್ಷೆಯ ದಿನ ಸೊಗಸಾಗಿ ಓಡಿದರೆ ಅದರಿಂದ ನಮಗೆ ತಿಳಿಯುವುದು ಏನೂ ಇಲ್ಲ. ನೀವೇ ಹೋಗಿ ಸವಾರಿ ಮಾಡಲು ಅವರು ಒಪ್ಪಿದರೆ ಇನ್ನೂ ಒಳ್ಳೆಯದು.

ಮರುಪರೀಕ್ಷೆಯ ದಿನ ರಕ್ತದ ಮಾದರಿಯನ್ನೂ ತೆಗೆಸಿ. ಫಿನೈಲ್‌ಬ್ಯುಟಜೋನ್‌ನಂಥ ನೋವುನಿವಾರಕ ಸಣ್ಣ ಕುಂಟನ್ನು ಸುಲಭವಾಗಿ ಮುಚ್ಚಿಬಿಡುತ್ತದೆ. ಇದನ್ನು ಮಾರುವವರ ಮೇಲಿನ ಅನುಮಾನದಿಂದ ಹೇಳುತ್ತಿಲ್ಲ. ಎಲ್ಲ ಖರೀದಿಯಲ್ಲೂ ಮಾಡಬೇಕಾದ ಕೆಲಸವೇ ಇದು. ಆದರೆ ಕೀಲಿನೊಳಗೆ ಹಿಂದೆಂದೋ ಕೊಟ್ಟ ಸ್ಟೀರಾಯ್ಡ್ ರಕ್ತದಲ್ಲಿ ಕಾಣದೆಯೂ ತನ್ನ ಪರಿಣಾಮವನ್ನು ಉಳಿಸಿಕೊಂಡಿರಬಹುದು. ಆದ್ದರಿಂದ ಕುದುರೆಯ ಹಿಂದಿನ ಚಿಕಿತ್ಸೆಯ ದಾಖಲೆಗಳನ್ನು ಅದನ್ನು ನೋಡಿಕೊಳ್ಳುತ್ತಿದ್ದ ವೈದ್ಯರಿಂದ ನಿಮ್ಮ ವೈದ್ಯರಿಗೆ ನೇರವಾಗಿ ಕೊಡಿಸಲು ಮಾರುವವರ ಲಿಖಿತ ಒಪ್ಪಿಗೆ ಕೇಳಿ. ಹಳೆಯ ಎಕ್ಸ್-ರೇ ಇದ್ದರಂತೂ ಅದರಷ್ಟು ಬೆಲೆಬಾಳುವುದು ಬೇರೊಂದಿಲ್ಲ: ಐದು ವರ್ಷದ ಹಿಂದೆಯೂ ಮೂಳೆ ಹೀಗೆಯೇ ಇದ್ದು ಕುದುರೆ ಅಂದಿನಿಂದ ದುಡಿಯುತ್ತಲೇ ಬಂದಿದ್ದರೆ, ಈ ಬದಲಾವಣೆಗೆ ಹೆದರುವ ಕಾರಣ ತೀರ ಕಡಿಮೆಯಾಗುತ್ತದೆ.

ಉತ್ತರ: ಲಾಳದ ಕೆಲಸದವ

ಹೊಸ ಲಾಳದ ವಿಷಯ ನನ್ನ ಕಸುಬಿನದು, ಅಷ್ಟಕ್ಕೆ ಮಾತ್ರ ಉತ್ತರಿಸುತ್ತೇನೆ. ಲಾಳ ಕಟ್ಟಿದ ಮೇಲೆ ಕುದುರೆ ಕೆಲವು ದಿನ ಹೆಜ್ಜೆ ಬಿಗಿಹಿಡಿಯುವುದು ಉಂಟು. ಮೊಳೆ ಒಳಗಿನ ಸೂಕ್ಷ್ಮ ಭಾಗಕ್ಕೆ ತೀರ ಹತ್ತಿರ ಹೋಗಿದ್ದರೆ, ಇಲ್ಲವೇ ತಳವನ್ನು ಹೆಚ್ಚು ಕೆತ್ತಿದ್ದರೆ ಹಾಗಾಗುತ್ತದೆ. ಆದರೆ ಅಂಥ ನೋವಿದ್ದರೆ ಇಕ್ಕಳದಿಂದ ಒತ್ತಿದಾಗ ಕುದುರೆ ಸಾಮಾನ್ಯವಾಗಿ ಕಾಲು ಎಳೆದುಕೊಳ್ಳುತ್ತದೆ. ನಿಮ್ಮ ವರದಿಯಲ್ಲಿ ಹಾಗಾಗಿಲ್ಲ. ಮಾರುವವರ ವಿವರಣೆ ಸುಳ್ಳು ಎನ್ನಲಾರೆ, ಆದರೆ ವರದಿ ಅದಕ್ಕೆ ಬೆಂಬಲ ಕೊಡುತ್ತಿಲ್ಲ. ಲಾಳವೇ ಕಾರಣವಾಗಿದ್ದರೆ ವೈದ್ಯೆಯವರು ಹೇಳಿದ ಎರಡು ಮೂರು ವಾರಗಳಲ್ಲಿ ಅದು ತೀರಿಹೋಗಿರಬೇಕು.

ಅಲ್ಲಿಗೆ ಹೋದಾಗ ಎರಡು ಮುಂಗೊರಸುಗಳನ್ನು ಅಕ್ಕಪಕ್ಕದಲ್ಲಿಟ್ಟು ಎದುರಿನಿಂದ ನೋಡಿ. ಒಂದು ಕಿರಿದಾಗಿ ನೆಟ್ಟಗೆ, ಇನ್ನೊಂದು ಅಗಲವಾಗಿ ಚಪ್ಪಟೆಯಾಗಿ ಇದ್ದರೆ, ಕುದುರೆ ಬಹುಕಾಲದಿಂದ ಒಂದು ಕಾಲಿನ ಮೇಲೆ ಕಡಿಮೆ ಭಾರ ಹಾಕುತ್ತಿರಬಹುದು. ಹುಟ್ಟಿನಿಂದಲೇ ಹಾಗಿರುವ ಕುದುರೆಗಳೂ ಇವೆ, ಆದ್ದರಿಂದ ಇದೊಂದರಿಂದಲೇ ತೀರ್ಮಾನಿಸಬೇಡಿ. ಬದಿಯಿಂದ ನೋಡುವಾಗ ಗೊರಸಿನ ಮುಂತುದಿ ಉದ್ದವಾಗಿ ಬೆಳೆದು ಹಿಮ್ಮಡಿ ಕುಸಿದಿದೆಯೇ ಗಮನಿಸಿ. ಹಾಗಿದ್ದರೆ ಗೊರಸಿನ ಹಿಂಭಾಗದ ಮೇಲೆ ಒತ್ತಡ ಹೆಚ್ಚು. ಅದನ್ನು ತಿದ್ದಬಹುದು, ಆದರೆ ತಾಳ್ಮೆ ಬೇಕು: ಗೊರಸು ಬೆಳೆಯುವುದು ತಿಂಗಳಿಗೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್, ಮುಂತುದಿ ಪೂರ್ತಿ ಹೊಸದಾಗಲು ಒಂಬತ್ತರಿಂದ ಹನ್ನೆರಡು ತಿಂಗಳು. ಕಿತ್ತಿಟ್ಟ ಹಳೆಯ ಲಾಳಗಳು ಸಿಕ್ಕರೆ ಅವನ್ನೂ ನೋಡಿ. ಎಡ ಬಲ ಲಾಳಗಳ ಸವೆತದಲ್ಲಿ ದೊಡ್ಡ ವ್ಯತ್ಯಾಸವಿದ್ದರೆ ಅದನ್ನು ವೈದ್ಯರಿಗೆ ತೋರಿಸಿ.

ಮರುನುಡಿ: ಹೊಸಜೀನು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಹಳೆಯ ಸವಾರರ ಮಾತಿನಂತೆ ವೈದ್ಯರಿಗೆ ಕರೆ ಮಾಡಿ, ನಾನು ಮಾಡಿಸುವ ಕೆಲಸದ ವಿವರ ಕೊಟ್ಟು ಮತ್ತೆ ಕೇಳಿದೆ. ‘ಸಮತಟ್ಟಾದ ಮೆತ್ತನೆಯ ನೆಲದ ಸವಾರಿಗೆ ನನಗೆ ಹೆಚ್ಚು ಅಳುಕಿಲ್ಲ, ಗಟ್ಟಿ ದಾರಿಯ ದೀರ್ಘ ಸುತ್ತಾಟ ಮತ್ತು ಜಿಗಿತಕ್ಕೆ ಈಗಿನ ಮಾಹಿತಿಯಲ್ಲಿ ಹೌದು ಎನ್ನಲಾರೆ’ ಎಂದರು. ಇದೇ ಮಾತು ವರದಿಯಲ್ಲಿ ಇದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು. ಮರುಪರೀಕ್ಷೆಗೆ ಅವರು ಒಪ್ಪಿದ್ದಾರೆ.

ಮಾರುವವರು ಮರುಪರೀಕ್ಷೆಗೆ ಬೇಡ ಎನ್ನಲಿಲ್ಲ, ಆದರೆ ಮುಂಗಡ ಕೊಟ್ಟರೆ ಮಾತ್ರ ಕುದುರೆಯನ್ನು ಇಟ್ಟುಕೊಳ್ಳುತ್ತೇನೆ ಎನ್ನುತ್ತಾರೆ. ಬೆಲೆ ಇಳಿಸಲು ಸಿದ್ಧ, ಈಗಲೇ ಒಯ್ಯಿರಿ ಎಂಬ ಇನ್ನೊಂದು ಮಾತನ್ನೂ ಇಟ್ಟಿದ್ದಾರೆ. ಬೆಲೆ ಇಳಿದರೆ ಅಪಾಯವನ್ನು ಒಪ್ಪಿಕೊಳ್ಳುವುದು ನ್ಯಾಯವೇ? ಮುಂಗಡದ ವಿಷಯದಲ್ಲಿ ಏನನ್ನು ಬರೆಸಿಕೊಳ್ಳಬೇಕು?

ಉತ್ತರ: ಹಳೆಯ ಸವಾರ

ಬೆಲೆ ಇಳಿಸಿದ ಮಾತ್ರಕ್ಕೆ ಕಾಲು ಸರಿಯಾಗುವುದಿಲ್ಲ. ಕುದುರೆಯ ಬೆಲೆಯನ್ನು ಒಮ್ಮೆ ಮಾತ್ರ ಕೊಡುತ್ತೀರಿ, ಸಾಕುವ ಖರ್ಚು ಪ್ರತಿ ತಿಂಗಳೂ ಬರುತ್ತದೆ. ಕುಂಟುವ ಕುದುರೆಗೆ ಆ ಖರ್ಚು ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಮೆತ್ತನೆಯ ನೆಲದ ಹಗುರ ಸವಾರಿಯಷ್ಟೇ ನಿಮಗೆ ಸಾಕಾಗಿದ್ದರೆ ಇಳಿದ ಬೆಲೆಗೆ ಅರ್ಥವಿತ್ತು, ಏಕೆಂದರೆ ಆಗ ನೀವು ಕೊಳ್ಳುವುದು ಆ ಕೆಲಸಕ್ಕೆ ಒದಗುವ ಕುದುರೆಯನ್ನೇ ಆಗಿರುತ್ತದೆ. ಗುಡ್ಡದ ದಾರಿಯ ಆಸೆ ಇಟ್ಟುಕೊಂಡು ಕಡಿಮೆ ಬೆಲೆಗೆ ಅದನ್ನು ತಂದರೆ, ನಿಮ್ಮ ಆಸೆಗಾಗಿ ನೋವುಣ್ಣುವುದು ಆ ಪ್ರಾಣಿ. ತನಗೆ ನೋಯುತ್ತಿದೆ ಎಂದು ಅದು ಬಾಯಿಬಿಟ್ಟು ಹೇಳಲಾರದು, ಸೌಮ್ಯ ಸ್ವಭಾವದ ಕುದುರೆಯಂತೂ ಸಹಿಸಿಕೊಂಡೇ ನಡೆಯುತ್ತದೆ. ಇದನ್ನು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಿ.

ವಿಮೆಯ ವಿಷಯವನ್ನೂ ಮೊದಲೇ ವಿಚಾರಿಸಿ. ವರದಿಯಲ್ಲಿ ಬಲ ಮುಂಗಾಲಿನ ಉಲ್ಲೇಖ ಇರುವುದರಿಂದ ವಿಮೆಯವರು ಆ ಕಾಲಿನ ಚಿಕಿತ್ಸೆಯನ್ನು ಹೊರಗಿಟ್ಟೇ ಒಪ್ಪುವ ಸಂಭವ ಹೆಚ್ಚು. ಮುಂದೆ ನೀವು ಮಾರಬೇಕಾಗಿ ಬಂದರೂ ಈ ವರದಿಯನ್ನು ಕೊಳ್ಳುವವರಿಗೆ ತೋರಿಸುವುದು ನಿಮ್ಮ ಕರ್ತವ್ಯ. ಈಗಲೇ ಒಯ್ಯುವ ಮಾತಿಗೆ ನನ್ನ ಉತ್ತರ ಬೇಡ ಎಂದೇ.

ಉತ್ತರ: ಗೊರಸಿನ ವೈದ್ಯೆ

ಹಳೆಯ ಸವಾರರ ಮಾತನ್ನು ನಾನೂ ಒಪ್ಪುತ್ತೇನೆ. ಮುಂಗಡ ಕೊಡುವುದರಲ್ಲಿ ತಪ್ಪಿಲ್ಲ. ಮೂರು ವಾರ ಬೇರೆಯವರಿಗೆ ಕೊಡದೆ ಕಾಯುವುದು ಮಾರುವವರಿಗೂ ನಷ್ಟದ ಮಾತೇ. ಆದರೆ ಕಾಗದದ ಮೇಲೆ ಕೆಲವು ವಿಷಯ ಸ್ಪಷ್ಟವಾಗಿರಬೇಕು: ಮರುಪರೀಕ್ಷೆಯನ್ನು ಯಾವ ದಿನದೊಳಗೆ ಮಾಡಿಸಬೇಕು, ಯಾರು ಮಾಡುತ್ತಾರೆ, ಅಲ್ಲಿಯವರೆಗೆ ಕುದುರೆಗೆ ಯಾವ ಕೆಲಸ ನಡೆಯುತ್ತದೆ, ಯಾವ ಔಷಧಿಯನ್ನೂ ತಿಳಿಸದೆ ಕೊಡುವುದಿಲ್ಲ ಎಂಬ ಮಾತು, ಹಾಗೂ ವೈದ್ಯರ ಅಭಿಪ್ರಾಯ ನಿಮಗೆ ಸಮಾಧಾನ ತರದಿದ್ದರೆ ಮುಂಗಡ ಪೂರ್ತಿ ಮರಳುತ್ತದೆ ಎಂಬ ಒಪ್ಪಂದ. ಕೊನೆಯ ವಾಕ್ಯದಲ್ಲಿ ‘ಕುದುರೆ ಫೇಲಾದರೆ’ ಎಂದು ಬರೆಸಿಕೊಳ್ಳಬೇಡಿ. ನಾನು ಮೊದಲೇ ಹೇಳಿದಂತೆ ಯಾವ ವೈದ್ಯರೂ ಆ ಪದ ಬಳಸುವುದಿಲ್ಲ, ಆಮೇಲೆ ಅದೇ ಪದದ ಮೇಲೆ ಜಗಳವಾಗುತ್ತದೆ. ‘ಕೊಳ್ಳುವವರು ತಿಳಿಸಿದ ಕೆಲಸಕ್ಕೆ ಸೂಕ್ತವೆಂದು ವೈದ್ಯರು ಲಿಖಿತವಾಗಿ ಹೇಳದಿದ್ದರೆ’ ಎಂದು ಬರೆಸಿ.

ಮರುಪರೀಕ್ಷೆಯಲ್ಲಿ ಮೂರು ಬಗೆಯ ಫಲ ಬರಬಹುದು. ಕುಂಟು ಸ್ಪಷ್ಟವಾಗಿ ಹೆಚ್ಚಿದ್ದರೆ ನಿಮ್ಮ ದಾರಿ ತಾನಾಗಿ ತಿಳಿಯುತ್ತದೆ. ಎರಡೂ ದಿಕ್ಕಿನ ಸುತ್ತಿನಲ್ಲಿ, ಎಂದಿನ ಕೆಲಸದ ನಡುವೆ, ಶುದ್ಧ ರಕ್ತದ ವರದಿಯೊಂದಿಗೆ ಕುದುರೆ ಸಮನಾಗಿ ಓಡಿದರೆ ಎಕ್ಸ್-ರೇಯ ಸಣ್ಣ ಬದಲಾವಣೆಯೊಂದಕ್ಕಾಗಿ ಅದನ್ನು ಬಿಡಲು ನಾನು ಹೇಳಲಾರೆ. ಕಷ್ಟವಿರುವುದು ಮೂರನೆಯದರಲ್ಲಿ, ಅಂದರೆ ಮತ್ತೆ ಈಗಿನಷ್ಟೇ, ಬಂದು ಹೋಗುವ ಹಾಗೆ ಕಂಡರೆ. ಆಗ ಅದು ಹೊಸ ಲಾಳದಿಂದ ಬಂದದ್ದಲ್ಲ, ಒಂದು ದಿನದ ಎಡವಟ್ಟೂ ಅಲ್ಲ, ನೆಲೆನಿಂತ ಯಾವುದೋ ನೋವು ಎಂದೇ ನಾನು ಭಾವಿಸುತ್ತೇನೆ. ಎಂಆರ್‌ಐ ಮಾಡಿಸುವಷ್ಟು ಈ ಕುದುರೆ ನಿಮಗೆ ಬೇಕೇ ಎಂಬ ಪ್ರಶ್ನೆಗೆ ಉತ್ತರವನ್ನು ಆ ದಿನಕ್ಕೆ ಮುನ್ನವೇ ಮನೆಯಲ್ಲಿ ಕುಳಿತು ನಿರ್ಧರಿಸಿಕೊಂಡು ಹೋಗಿ. ಕುದುರೆಯ ಪಕ್ಕದಲ್ಲಿ ನಿಂತು, ಅದರ ಕತ್ತು ಸವರುತ್ತಾ ಯೋಚಿಸಿದರೆ ಎಲ್ಲರ ಉತ್ತರವೂ ಒಂದೇ ಆಗಿರುತ್ತದೆ.

ಮರುನುಡಿ: ಹೊಸಜೀನು

ನೀವು ಹೇಳಿದ ಮಾತುಗಳನ್ನೇ ಇಟ್ಟು ಒಪ್ಪಂದದ ಕರಡು ಬರೆದು ಮಾರುವವರಿಗೆ ಕಳುಹಿಸಿದ್ದೇನೆ. ಹಿಂದಿನ ಚಿಕಿತ್ಸೆಯ ದಾಖಲೆ ಕೊಡಿಸಲು ಒಪ್ಪಿದ್ದಾರೆ. ನಾಲ್ಕು ವರ್ಷದ ಹಿಂದೆ ಅವರು ಕೊಂಡಾಗ ತೆಗೆಸಿದ ಮುಂಗಾಲುಗಳ ಎಕ್ಸ್-ರೇ ಇದೆಯಂತೆ, ಅದನ್ನು ನನ್ನ ವೈದ್ಯರಿಗೆ ತಲುಪಿಸುತ್ತಾರೆ. ಮರುಪರೀಕ್ಷೆಯಲ್ಲೂ ಉತ್ತರ ಅಸ್ಪಷ್ಟವಾಗಿಯೇ ಉಳಿದರೆ ಎಂಆರ್‌ಐವರೆಗೆ ಹೋಗದೆ ಬಿಟ್ಟುಬಿಡುವುದೆಂದು ಮನೆಯವರೊಡನೆ ಮಾತನಾಡಿ ನಿರ್ಧರಿಸಿದ್ದೇವೆ. ಮೂರು ವಾರದ ಬಳಿಕ ಫಲಿತಾಂಶವನ್ನು ಇಲ್ಲಿಯೇ ಬರೆಯುತ್ತೇನೆ.